ಒಂದು ವೃಷಭ, ನಾಲ್ಕು ಅರ್ಥ: ಲಾಂಛನ ಮತ್ತು ಧ್ವಜಗಳ ಪರಿಭಾಷೆ

ಭಾಲ್ಕಿಯ ಭಾಲ್ಕೇಶ್ವರ, ಔರಾದಿನ ಅಮರೇಶ್ವರ ಎರಡೂ ಶಿವಾಲಯಗಳು. ಇಂತಹ ಆಲಯಗಳಲ್ಲಿ ಲಿಂಗಕ್ಕೆ ಅಭಿಮುಖವಾಗಿರುವ ವೃಷಭವು ಶಿವನ ವಾಹನ. ಇದೇ ಜಿಲ್ಲೆಯ ಕಲ್ಯಾಣದಿಂದ 12ನೇ ಶತಮಾನದಲ್ಲಿ ಆಳಿದ ಕಳಚುರಿ ಬಿಜ್ಜಳನಿಗೆ ‘ಸುವರ್ಣವೃಷಭಧ್ವಜ’ನೆಂಬ ವಿಶೇಷಣವಿದೆ, ಅಲ್ಲಿ ವೃಷಭವು ಅರಸನ ಬಾವುಟದ ಚಿಹ್ನೆ. ಜಿನಬಿಂಬದ ಪೀಠದ ನಡುವೆ ಕಂಡರೆ ಅದೇ ವೃಷಭ ಆದಿತೀರ್ಥಂಕರನ ಲಾಂಛನವಾಗುತ್ತದೆ. ಸಮವಸರಣದ ವರ್ಣನೆಯಲ್ಲಿ ಅದು ಹತ್ತು ಬಗೆಯ ಧ್ವಜಗಳಲ್ಲೊಂದು. ಪ್ರಾಣಿ ಒಂದೇ, ಅರ್ಥ ನಾಲ್ಕು. ಈ ನಾಲ್ಕನ್ನು ಬೇರ್ಪಡಿಸುವುದು ಚಿತ್ರವಲ್ಲ, ಅದು ಇರುವ ಸ್ಥಾನ ಮತ್ತು ಅದಕ್ಕೆ ಶಾಸನಕಾರರು ಬಳಸಿದ ಪದ.

ಯುರೋಪಿನಲ್ಲಿ 12ನೇ ಶತಮಾನದಿಂದ ಗುರಾಣಿಯ ಮೇಲಿನ ಸಿಂಹ, ಹದ್ದು, ಲಿಲಿ ಹೂಗಳು ವಂಶಪಾರಂಪರ್ಯದ ಗುರುತುಗಳಾಗಿ ಬೆಳೆದವು. ಅವುಗಳನ್ನು ವರ್ಣಿಸಲು ಫ್ರೆಂಚ್ ಮೂಲದ ಪ್ರತ್ಯೇಕ ಪರಿಭಾಷೆಯೂ ಹುಟ್ಟಿತು. ಕನ್ನಡ ನಾಡಿನಲ್ಲಿ ಆ ಕೆಲಸವನ್ನು ಮಾಡಿದ್ದು ಶಾಸನಗಳ ಪ್ರಶಸ್ತಿಭಾಗ. ಅರಸನ ಅಥವಾ ಮಹಾಮಂಡಲೇಶ್ವರನ ಹೆಸರಿಗೆ ಮುನ್ನ ಬರುವ ವಿಶೇಷಣಗಳ ಸಾಲಿನಲ್ಲಿ ಪೂರ್ವಜರ ಪಟ್ಟಣ, ಲಾಂಛನ, ಧ್ವಜ, ತೂರ್ಯ ಎಂಬ ಅಂಶಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಲಾಂಛನವೆಂದರೆ ಮುದ್ರೆಯ ಚಿಹ್ನೆ. ತಾಮ್ರಪಟಗಳ ಉಂಗುರಕ್ಕೆ ಬೆಸೆದ ಮುದ್ರೆಯಲ್ಲಿಯೂ ನಾಣ್ಯಗಳಲ್ಲಿಯೂ ಅದು ಬರುತ್ತದೆ. ಧ್ವಜ ಅಥವಾ ಕೇತನವೆಂದರೆ ಎತ್ತಿ ಹಿಡಿಯುವ ಬಾವುಟದ ಚಿಹ್ನೆ. ತೂರ್ಯವೆಂದರೆ ಆ ಮನೆತನದ ಮುಂದೆ ಮೊಳಗುವ ವಾದ್ಯ.

ಈ ಎರಡು ಚಿಹ್ನೆಗಳು ಬೇರೆ ಬೇರೆ ಎಂಬುದನ್ನು ಜೆ. ಎಫ್. ಫ್ಲೀಟ್ 19ನೇ ಶತಮಾನದಲ್ಲಿಯೇ ಒತ್ತಿ ಹೇಳಿದರು. ಅದಕ್ಕೆ ಸಾಕ್ಷ್ಯ ಹೇರಳವಾಗಿದೆ. ಸವದತ್ತಿಯ ರಟ್ಟರದು ಸಿಂದೂರ ಲಾಂಛನ, ಅಂದರೆ ಆನೆ, ಅವರ ಧ್ವಜ ಸುವರ್ಣಗರುಡ, ವಾದ್ಯ ತ್ರಿವಳಿ. ಕದಂಬರದು ಸಿಂಹಲಾಂಛನ, ವಾನರಧ್ವಜ, ಪೆರ್ಮಟ್ಟಿ ವಾದ್ಯ. ತಲಕಾಡಿನ ಗಂಗರದು ಮದಗಜ ಲಾಂಛನ, ಪಿಂಛಧ್ವಜ. ಹೀಗಿರುವಾಗ ‘ರಟ್ಟರ ಲಾಂಛನ ಗರುಡ’ ಎಂದೋ ‘ಕದಂಬರ ಲಾಂಛನ ವಾನರ’ ಎಂದೋ ಬರೆಯುವುದು ಚಿಕ್ಕ ತಪ್ಪಲ್ಲ. ಮುದ್ರೆ ಸಿಕ್ಕಾಗ ಅದು ಯಾರದೆಂದು ಗುರುತಿಸುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ.

ಚಾಲುಕ್ಯರ ಲಾಂಛನ ವರಾಹ. ಬಾದಾಮಿಯಲ್ಲಿ ಮೊದಲಾದ ಈ ಗುರುತನ್ನು ಕಲ್ಯಾಣದ ಚಾಲುಕ್ಯರೂ ತಮ್ಮದಾಗಿಸಿಕೊಂಡರು. ವಿಜಯನಗರದ ಅರಸರ ಮುದ್ರೆಯಲ್ಲಿಯೂ ವರಾಹವಿತ್ತು, ‘ವರಾಹ’ವೆಂಬುದು ಚಿನ್ನದ ನಾಣ್ಯದ ಹೆಸರಾಗಿಯೂ ನಿಂತಿತು. ಕಲ್ಯಾಣ ಚಾಲುಕ್ಯರ ಬಳಿಕ ಈ ಪ್ರದೇಶವನ್ನು ಆಳಿದ ದೇವಗಿರಿಯ ಯಾದವರ ಚಿನ್ನದ ನಾಣ್ಯದ ನಡುವೆ ತಾವರೆಯಿದೆ, ಅದನ್ನು ‘ಪದ್ಮಟಂಕ’ವೆನ್ನುತ್ತಾರೆ. ಆದರೆ ನಾಣ್ಯದ ಮೇಲಿನ ಹೂವೆಲ್ಲ ಮನೆತನದ ಲಾಂಛನವಲ್ಲ: ಯಾದವರ ಗುರುತು ಗರುಡ.

ಪರಿಭಾಷೆಯ ಒಂದು ಕಗ್ಗಂಟನ್ನು ಬಿಡಿಸಿದ್ದು ಜೈನ ಪುರಾಣ. ‘ಪಾಳಿಧ್ವಜ’ವೆಂಬ ಪದ ಚಾಲುಕ್ಯರ ಮತ್ತು ರಾಷ್ಟ್ರಕೂಟರ ಶಾಸನಗಳಲ್ಲಿ ಬರುತ್ತದೆ. ಬಾದಾಮಿಯ ವಿಜಯಾದಿತ್ಯನು ಉತ್ತರಾಪಥದ ದಂಡಯಾತ್ರೆಯಲ್ಲಿ ಗಂಗಾ ಯಮುನಾ ಚಿಹ್ನೆಗಳು ಮತ್ತು ಢಕ್ಕೆಯೊಡನೆ ಪಾಳಿಧ್ವಜವನ್ನೂ ತಂದೆಗಾಗಿ ಗೆದ್ದು ತಂದನೆಂದು ಶಾಸನಗಳು ಹೇಳುತ್ತವೆ. ಗೆದ್ದು ತರಬೇಕಾದಷ್ಟು ಬೆಲೆಯುಳ್ಳ ಈ ಧ್ವಜದ ಸ್ವರೂಪವೇನು? ಕೆ. ಬಿ. ಪಾಠಕರು ಉತ್ತರವನ್ನು ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿ ಕಂಡರು. ಅಲ್ಲಿ ಸಮವಸರಣದ ಧ್ವಜಗಳು ಹತ್ತು ಬಗೆ: ಮಾಲೆ, ವಸ್ತ್ರ, ನವಿಲು, ತಾವರೆ, ಹಂಸ, ಗರುಡ, ಸಿಂಹ, ವೃಷಭ, ಗಜ, ಚಕ್ರ. ಒಂದೊಂದು ಬಗೆಗೆ 108ರಂತೆ ಒಂದು ದಿಕ್ಕಿಗೆ 1080, ನಾಲ್ಕು ದಿಕ್ಕಿಗೆ 4320. ‘ಪಾಳಿ’ ಎಂದರೆ ಸಾಲು. ಪಾಳಿಧ್ವಜವೆಂದರೆ ಒಂದು ಬಾವುಟವಲ್ಲ, ಬಾವುಟಗಳ ಕ್ರಮಬದ್ಧ ಪಂಕ್ತಿ. ಜಿನಸೇನರು ರಾಷ್ಟ್ರಕೂಟ ಅಮೋಘವರ್ಷನ ಗುರುಗಳು. ಅರಮನೆಯ ವೈಭವವನ್ನು ಕಂಡವರೇ ಜಿನೇಂದ್ರನ ಸಾಮ್ರಾಜ್ಯವನ್ನು ವರ್ಣಿಸಿದ್ದಾರೆ; ಆದ್ದರಿಂದಲೇ ಪುರಾಣವು ಇಲ್ಲಿ ಶಾಸನಕ್ಕೆ ವ್ಯಾಖ್ಯಾನವಾಗಬಲ್ಲದು.

ಪದ ಒಂದೇ ಆದರೂ ಅರಸರ ಲಾಂಛನ ಬೇರೆ, ತೀರ್ಥಂಕರರ ಲಾಂಛನ ಬೇರೆ. ವರಾಹ ವಿಮಲನಾಥನದು, ಗಜ ಅಜಿತನಾಥನದು, ಕಪಿ ಅಭಿನಂದನನದು, ಕೆಂದಾವರೆ ಪದ್ಮಪ್ರಭನದು, ನೀಲೋತ್ಪಲ ನಮಿನಾಥನದು, ಸಿಂಹ ಮಹಾವೀರನದು. ಇಲ್ಲಿ ಪದೇ ಪದೇ ನಡೆಯುವ ಪ್ರಮಾದವೊಂದಿದೆ. ಪೀಠದ ಎರಡು ತುದಿಗಳಲ್ಲಿ ಸಿಂಹಗಳನ್ನು ಕಂಡೊಡನೆ ಮೂರ್ತಿ ಮಹಾವೀರನದೆಂದು ಬರೆದುಬಿಡುತ್ತಾರೆ. ಆ ಸಿಂಹಗಳು ಸಿಂಹಾಸನದವು. ಯಾವ ಜಿನನಿಗಾದರೂ ಅವು ಸಲ್ಲುತ್ತವೆ. ಲಾಂಛನವನ್ನು ಪೀಠದ ಮಧ್ಯದಲ್ಲಿ ಹುಡುಕಬೇಕು. ನಮ್ಮ ಎಷ್ಟೋ ಹಳೆಯ ಬಿಂಬಗಳಲ್ಲಿ ಲಾಂಛನವೇ ಇರುವುದಿಲ್ಲ. ಆಗ ಯಕ್ಷ ಯಕ್ಷಿಯರೇ ಆಧಾರ. ಬೀದರ ತಾಲೂಕಿನ ಕಮಠಾಣದ ಬಸದಿಯ ಪಾರ್ಶ್ವನಾಥನಂತಹ ಮೂರ್ತಿಯಲ್ಲಿ ಮಾತ್ರ ಹೆಡೆಯೇ ಗುರುತಾಗಿ ಸಂಶಯಕ್ಕೆ ಎಡೆಯಿರುವುದಿಲ್ಲ.

ಶಿಲಾಶಾಸನದ ಮೇಲ್ಭಾಗದ ಉಬ್ಬುಚಿತ್ರಗಳನ್ನೂ ಹೀಗೆಯೇ ಓದಬೇಕು. ಅಲ್ಲಿನ ಸೂರ್ಯಚಂದ್ರರು ದಾನ ಆಚಂದ್ರಾರ್ಕವಾಗಿ ನಡೆಯಲೆಂಬುದನ್ನು, ಲಿಂಗ ಅಥವಾ ಜಿನಬಿಂಬವು ದಾನ ಸಂದ ದೇವಾಲಯವನ್ನು ಸೂಚಿಸುತ್ತವೆ. ಆಕಳು ಕರುಗಳೂ ದಾನಶಾಸನದ ಚಿಹ್ನೆಗಳೇ. ಇವು ರಾಜಲಾಂಛನಗಳಲ್ಲ.

ಬಹಮನಿಗಳ ಕಾಲಕ್ಕೆ ಚಿಹ್ನೆ ಕೋಟೆಯ ಗೋಡೆಗೇರಿತು, ಪರಿಭಾಷೆ ಬದಲಾಯಿತು. ಬೀದರ ಕೋಟೆಯ ತಖ್ತ್ ಮಹಲಿನ ಕಮಾನಿನ ಮೂಲೆಗಳಲ್ಲಿ ಮೃಗವೊಂದು, ಅದರ ಬೆನ್ನ ಹಿಂದೆ ಉದಯಿಸುವ ಸೂರ್ಯ ಇವೆ. 1503ರ ಶರ್ಜಾ ದರ್ವಾಜೆಗೆ ಹೆಸರು ಬಂದಿರುವುದೇ ಅದರ ಮೇಲಿನ ಜೋಡಿ ಮೃಗಗಳಿಂದ. ಇವನ್ನು ಕೆಲವರು ಹುಲಿಯೆಂದೂ ಕೆಲವರು ಸಿಂಹವೆಂದೂ ಬರೆದಿದ್ದಾರೆ. ‘ಶೇರ್’ ಎಂಬ ಪದ ಪಾರಸಿಯಲ್ಲಿ ಸಿಂಹಕ್ಕೆ, ಉರ್ದುವಿನಲ್ಲಿ ಎರಡಕ್ಕೂ ಸಲ್ಲುವುದರಿಂದ ಗೊಂದಲ ಸಹಜ. ಕನ್ನಡಕ್ಕೆ ತರುವಾಗ ಪದದ ಬೆನ್ನು ಹತ್ತದೆ ಶಿಲ್ಪವನ್ನು ನೋಡಬೇಕು.

ಈ ಜಿಲ್ಲೆಯ ಹೊಲ, ಹಾಳುಬಾವಿ, ಗುಡಿಯ ಹಿತ್ತಿಲುಗಳಲ್ಲಿ ನಾಳೆ ಮತ್ತೊಂದು ಪೀಠವೋ ಮುದ್ರೆಯೋ ದೊರೆತೀತು. ಮೊದಲು ಬರೆದ ಹೆಸರೇ ಫಲಕಕ್ಕೂ ಪಠ್ಯಕ್ಕೂ ಹೋಗುತ್ತದೆ, ಮೂರ್ತಿಯನ್ನು ಪೂಜಿಸುವವರ ನಾಲಗೆಗೂ ಬರುತ್ತದೆ. ಆದ್ದರಿಂದ ಪ್ರಾಣಿ ಯಾವುದೆಂದು ಕೇಳುವ ಮುನ್ನ ಅದು ವಾಹನವೋ ಲಾಂಛನವೋ ಧ್ವಜವೋ ಆಸನದ ಅಂಗವೋ ಎಂದು ಕೇಳಿಕೊಳ್ಳುವುದು ಸಂಶೋಧಕನ ಮೊದಲ ಕರ್ತವ್ಯ.