ಜಗಳವಿಲ್ಲದ ಬಜೆಟ್ಟು

ಪಾಲಿಕೆ ಬಜೆಟ್ ಅಂದ ಕೂಡಲೆ ನಮಗೆ ನೆನಪಾಗೋದು ಮೇಜು ಕುಟ್ಟೋ ಸದಸ್ಯರು, ಹರಿದ ಬಜೆಟ್ ಪ್ರತಿ, ಮೇಯರ್ ಪೀಠದ ಮುಂದೆ ಧರಣಿ. "ಇವರಿಗೆ ಬೇರೆ ಕೆಲಸ ಇಲ್ವಾ" ಅಂದ್ಕೊಂಡು ಪೇಪರ್ ಮಡಚಿಡ್ತೀವಿ. ಆದರೆ ಆ ಗಲಾಟೆ ಮಾಡೋ ಹಕ್ಕು ಪೂರ್ತಿಯಾಗಿ ಸಿಗೋಕೆ ಬೆಂಗಳೂರಿಗೆ ಹತ್ತಿರ ಹತ್ತಿರ ತೊಂಬತ್ತು ವರ್ಷ ಹಿಡಿಯಿತು. ಕಳೆದುಕೊಳ್ಳೋಕೆ ಮಾತ್ರ ಒಂದೇ ದಿನ ಸಾಕಾಯ್ತು!

ಕತೆ ಶುರುವಾಗೋದು 1862ರಲ್ಲಿ. 1850ರ ಕಾಯಿದೆಯೊಂದರ ಕೆಳಗೆ ಪೇಟೆಗೊಂದು, ದಂಡು ಪ್ರದೇಶಕ್ಕೊಂದು ಮುನಿಸಿಪಾಲಿಟಿ ಬಂತು. ಆಗ ಸದಸ್ಯರೆಲ್ಲ ನೇಮಕವಾದವರೇ. ತೆರಿಗೆ ಕಟ್ಟೋ ಜನರಿಂದ ಆರಿಸಿ ಬರೋ ಸದಸ್ಯರಿಗೆ ಜಾಗ ಸಿಕ್ಕಿದ್ದು 1880ರ ದಶಕದಲ್ಲಿ, ಅದೂ ಎಲ್ಲ ಸ್ಥಾನಗಳಿಗೂ ಅಲ್ಲ. 1949ರಲ್ಲಿ ಪೇಟೆ, ದಂಡು ಎರಡೂ ಒಂದಾಗಿ ಕಾರ್ಪೊರೇಷನ್ ಹುಟ್ಟಿತು. ಅದರ ಮೊದಲ ಚುನಾವಣೆ ನಡೆದದ್ದು 1950ರಲ್ಲಿ.

ಇನ್ನು ಬಜೆಟ್ ಹೇಗೆ ತಯಾರಾಗುತ್ತಿತ್ತು ಅನ್ನೋದಕ್ಕೆ ಬರೋಣ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯಿದೆ ಹೇಳೋ ಕ್ರಮ ಸರಳ. ಆಯುಕ್ತರು ಮುಂದಿನ ವರ್ಷದ ಆದಾಯ, ಖರ್ಚಿನ ಅಂದಾಜು ಮಾಡ್ತಾರೆ. ಅದು ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿಗೆ ಹೋಗುತ್ತೆ. ಸಮಿತಿ ಅದನ್ನ ತಿದ್ದಿ ಕೌನ್ಸಿಲ್ ಮುಂದೆ ಇಡುತ್ತೆ. ಬಜೆಟ್ ಓದೋರು ಆಯುಕ್ತರಲ್ಲ, ಆ ಸಮಿತಿಯ ಅಧ್ಯಕ್ಷರು, ಅಂದ್ರೆ ಯಾವುದೋ ಒಂದು ವಾರ್ಡಿನಿಂದ ಗೆದ್ದು ಬಂದವರು. ಆಮೇಲೆ ಚರ್ಚೆ, ತಿದ್ದುಪಡಿ, ಅಂಗೀಕಾರ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಕೋಡ್ ರಿವ್ಯೂ. ಬರೆದವನೇ ತನ್ನ ಕೋಡ್ ಸರಿ ಇದೆ ಅಂತ ಒಪ್ಪಿಗೆ ಹಾಕ್ಕೊಳ್ಳೋ ಹಾಗಿಲ್ಲ.

ಹಾಗಂತ ಆ ಕಾಲ ಸತ್ಯಯುಗ ಅಂತೇನೂ ಅಲ್ಲ ಬಿಡಿ. ಆದಾಯದ ಅಂಕಿ ಮೊದಲು ಉಬ್ಬುತ್ತಿತ್ತು. ಬಾರದ ದುಡ್ಡಿನ ಲೆಕ್ಕದ ಮೇಲೆ ವಾರ್ಡಿಗಿಷ್ಟು ಅಂತ ಕಾಮಗಾರಿ ಹಂಚಿಕೆ, ಜಾಬ್ ಕೋಡ್, ಕೊನೆಗೆ ಗುತ್ತಿಗೆದಾರರ ಬಾಕಿ ಬಿಲ್ಲು. ಆಡಳಿತ ಪಕ್ಷದವರ ವಾರ್ಡಿಗೆ ಹೆಚ್ಚು, ವಿರೋಧ ಪಕ್ಷಕ್ಕೆ ಕಮ್ಮಿ ಅನ್ನೋ ದೂರು ಇದ್ದೇ ಇತ್ತು. ಆದರೆ ಅಂಕಿ ಉಬ್ಬಿದೆ ಅಂತ ನಮಗೆ ಗೊತ್ತಾಗ್ತಿದ್ದದ್ದು ಯಾಕೆ? ಸಭೆಯಲ್ಲಿ ಎದ್ದು ನಿಂತು ಹೇಳೋರು ಒಬ್ಬರಿದ್ದರು, ಅದಕ್ಕೆ.

2000ದ ಆಸುಪಾಸಿನಲ್ಲಿ ಲೆಕ್ಕ ನೆಟ್ಟಗಾಗೋ ಸೂಚನೆ ಕಂಡಿತ್ತು. 2000ರಲ್ಲಿ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ಪದ್ಧತಿ ಬಂತು. ನಂದನ್ ನಿಲೇಕಣಿ ಅಧ್ಯಕ್ಷತೆಯ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ನೆರವಿನಿಂದ ಪಾಲಿಕೆಯ ಲೆಕ್ಕ ಇಡೋ ಪದ್ಧತಿಯೇ ಬದಲಾಯ್ತು. 2002ರಲ್ಲಿ ಜನಾಗ್ರಹದಂಥ ಸಂಸ್ಥೆಗಳು ಸೇರಿ 'ಪ್ರೂಫ್' ಅನ್ನೋ ಅಭಿಯಾನ ನಡೆಸಿದವು. ಮೂರು ತಿಂಗಳಿಗೊಮ್ಮೆ ಪಾಲಿಕೆ ತನ್ನ ಲೆಕ್ಕ ಜನರ ಮುಂದಿಡಬೇಕು ಅನ್ನೋದು ಅದರ ತಿರುಳು.

ಆಮೇಲೆ? 2006ರ ನವೆಂಬರಿನಲ್ಲಿ ಕೌನ್ಸಿಲ್ ಹೋಯ್ತು. 2007ರಲ್ಲಿ ಬಿಬಿಎಂಪಿ ಆಯ್ತು, ಆದ್ರೆ ಚುನಾವಣೆ ನಡೆದದ್ದು 2010ರ ಮಾರ್ಚಿನಲ್ಲಿ. ಮತ್ತೆ 2020ರ ಸೆಪ್ಟೆಂಬರ್ 10ಕ್ಕೆ 198 ವಾರ್ಡುಗಳ ಕೌನ್ಸಿಲ್ಲಿನ ಅವಧಿ ಮುಗಿಯಿತು. ಅವಧಿ ಮುಗಿಯೋ ಮುಂಚೆಯೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತೆ. ಆಗಲಿಲ್ಲ. 2021-22ರಿಂದ 2025-26ರ ತನಕ ಐದು ಬಜೆಟ್ಟುಗಳನ್ನ ಅಧಿಕಾರಿಗಳೇ ಬರೆದರು, ಆಡಳಿತಾಧಿಕಾರಿಯೇ ಒಪ್ಪಿದರು. 2022-23ರ ಬಜೆಟ್ಟಂತೂ 2022ರ ಮಾರ್ಚ್ 31ರ ನಡುರಾತ್ರಿಯ ಹೊತ್ತಿಗೆ ಸದ್ದಿಲ್ಲದೆ ವೆಬ್‌ಸೈಟಿಗೆ ಬಂದು ಕೂತಿತು!

2024-25ರ ಬಜೆಟ್ ಸುಮಾರು 12,369 ಕೋಟಿ. ಮರುವರ್ಷದ್ದು ಸುಮಾರು 19,930 ಕೋಟಿ. ಒಂದೇ ವರ್ಷದಲ್ಲಿ ಏಳೂವರೆ ಸಾವಿರ ಕೋಟಿ ಜಿಗಿತ. "ಸ್ವಾಮಿ, ಈ ದುಡ್ಡು ಎಲ್ಲಿಂದ ಬರುತ್ತೆ? ನಮ್ಮ ವಾರ್ಡಿನ ಮೋರಿ ಕೆಲಸ ಯಾಕೆ ಬಿಟ್ಟುಹೋಯ್ತು?" ಅಂತ ಕಡತದಲ್ಲಿ ದಾಖಲಾಗೋ ಹಾಗೆ ಕೇಳೋಕೆ ಚುನಾಯಿತ ಸದಸ್ಯ ಒಬ್ಬನೂ ಇರಲಿಲ್ಲ. ಅಧಿಕಾರಿಗಳು ಲೆಕ್ಕದಲ್ಲಿ ನಮ್ಮ ಕಾರ್ಪೊರೇಟರುಗಳಿಗಿಂತ ಜಾಣರೇ ಇರಬಹುದು, ತಕರಾರಿಲ್ಲ. ಆದರೆ ವರ್ಗವಾಗಿ ಹೋದ ಅಧಿಕಾರಿಯನ್ನ ಮುಂದಿನ ಚುನಾವಣೆಯಲ್ಲಿ ಸೋಲಿಸೋಕೆ ಆಗಲ್ಲವಲ್ಲ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನಿಮ್ಮ ಪಾಲಿಕೆಯ ಬಜೆಟ್ ಪುಸ್ತಕ ಕೈಗೆ ಸಿಕ್ಕಾಗ ಹೊಸ ಯೋಜನೆಗಳ ಬಣ್ಣದ ಹೆಸರು ಓದೋದು ಬಿಟ್ಟು ಮೂರು ವಿಷಯ ಮಾತ್ರ ಹುಡುಕಿ. ಹೋದ ವರ್ಷ ಅಂದಾಜು ಮಾಡಿದ್ದೆಷ್ಟು, ನಿಜಕ್ಕೂ ಬಂದದ್ದೆಷ್ಟು? ಹಳೇ ಬಿಲ್ಲುಗಳ ಬಾಕಿ ಎಷ್ಟು? ಈ ಬಜೆಟ್ಟನ್ನ ಒಪ್ಪಿದವರು ಯಾರು? ಮೂರನೇ ಪ್ರಶ್ನೆಗೆ ನೀವು ವೋಟು ಹಾಕಿದ ಒಬ್ಬರ ಹೆಸರೂ ಸಿಗದಿದ್ದರೆ, ಮೊದಲೆರಡಕ್ಕೆ ಉತ್ತರ ಕೊಡಲೇಬೇಕಾದ ಗರಜು ಯಾರಿಗೂ ಇಲ್ಲ ಅಂತಲೇ ಅರ್ಥ.