ಹೊಳೆಯ ಪಾಲುದಾರರು

ಕಂಪ್ಲಿ ನನ್ನ ತವರು. ಬಟ್ಟೆ ಒಗೆಯಲು ತುಂಗಭದ್ರೆಗೆ ಹೋದರೆ ಬಂಡೆಗಳ ಮೇಲೆ ನೀರುನಾಯಿಗಳ ಹಿಂಡು ಕಾಣುತ್ತಿತ್ತು. ಬಲೆ ಹರಿಯುತ್ತವೆಂದು ಮೀನು ಹಿಡಿಯುವವರು ಬಯ್ದರೆ, "ಹೊಳಿ ನಮಗಷ್ಟೇ ಅಲ್ಲವ್ವಾ, ಅವಕ್ಕೂ ಬೇಕು" ಎನ್ನುತ್ತಿದ್ದಳು ಅಜ್ಜಿ.

ಆಮೇಲೆ ಸಿಡಿಮದ್ದಿನ ಮೀನುಬೇಟೆ ಬಂತು, ಮರಳು ತೋಡುವುದು ಬಂತು. ಮರಿ ಹಾಕುವ ದಡವೇ ಕುಸಿಯಿತು.

ಮನುಷ್ಯನ ಆಸೆಗೆ ಕಡಲೂ ಸಾಲದು. ಕೆರಿಬಿಯನ್ ಕಡಲಿನ ಸೀಲ್ ಎಂಬ ಪ್ರಾಣಿಯನ್ನು ಎಣ್ಣೆಗಾಗಿ ಕೊಂದರು. 1952ರ ನಂತರ ಅದನ್ನು ಕಂಡವರಿಲ್ಲ. ನಿರ್ವಂಶವಾಯಿತೆಂದು 2008ರಲ್ಲಿ ಅಮೆರಿಕ ಸಾರಿತು.

ನಮ್ಮ ನೀರುನಾಯಿಗೆ ಇನ್ನೂ ಕಾಲ ಮೀರಿಲ್ಲ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿ.ಮೀ. ಹೊಳೆಯನ್ನು, ಹಂಪಿಯ ಬಂಡೆಗಳೂ ಸೇರಿದಂತೆ, ಸರ್ಕಾರ ಅದಕ್ಕೆಂದೇ ಮೀಸಲಿಟ್ಟಿತು. ಆದರೆ ಕಾಯಬೇಕಾದವರು ದಡದ ಮೇಲಿರುವ ನಾವೇ.

ಮೊನ್ನೆ ಸೇತುವೆ ಮೇಲೆ ನಿಂತು ಮೊಮ್ಮಗಳಿಗೆ ಅಜ್ಜಿಯ ಮಾತನ್ನೇ ಹೇಳಿದೆ.