ನಮ್ಮೂರಿಗೆ ದಪ್ಪ ತಂತಿ ಬಂದ ಚರಿತ್ರೆ

ನಾನು ಬೇಸಾಯಗಾರ. ಮಾದಪ್ಪನ ಪದ, ಮಂಟೇಸ್ವಾಮಿ ಪದ ಹಾಡ್ಕೊಂಡು ಬಂದವನು. ತಾಳವಾಡಿ ಕಡೆ ಸೋದರಮಾವನ ಮನೇಲಿದ್ದು ಏಳನೇ ಕ್ಲಾಸ್ ತನಕ ಕನ್ನಡ ಓದಿದೆ. ಆಮೇಲೆ ಕೊಯಮತ್ತೂರು ಸೀಮೆಯ ನಮ್ಮ ಹೊಲಕ್ಕೇ ವಾಪಸ್ ಬಂದೆ. ಇಂಥವನು ಬೇಸ್ ಗಿಟಾರ್ ಬಗ್ಗೆ ಏನು ಬರೆದಾನು ಅಂತ ನೀವು ನಗಬಹುದು. ನಮ್ಮೂರ ಹುಡುಗರು ಒಂದಕ್ಕೆ ಎರಡು ಸಲ ಅದನ್ನು ಕೊಂಡರು. ಎರಡನೇ ಸಲ ಆರಿಸಿದ್ದು ನನ್ನ ಕಿವಿ. ಅದಕ್ಕೇ ಬರೀತಿದ್ದೇನೆ.

ಮೊದಲು ಚರಿತ್ರೆ. 1932ರಲ್ಲಿ ನೀಲಗಿರಿಯ ಪೈಕಾರದ ನೀರಿನಿಂದ ಕರೆಂಟ್ ತಯಾರಾಗಿ ಕೊಯಮತ್ತೂರಿಗೆ ಇಳಿದು ಬಂತು. ಗಿರಣಿಗಳು ಓಡಿದವು, ಬಾವಿಗಳಿಗೆ ಮೋಟಾರ್ ಬಂತು. 1937ರಲ್ಲಿ ಜಿ.ಡಿ. ನಾಯ್ಡು ಅವರೂ ಡಿ. ಬಾಲಸುಂದರಂ ಅವರೂ ಸೇರಿ ಇಲ್ಲೇ ಮೋಟಾರ್ ಮಾಡಿ ತೋರಿಸಿದರು. ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಜಾರ್ಜ್ ಬೀಚಂ ಅನ್ನುವವರು ತಂತಿಯ ಬಳಿ ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಇಟ್ಟು, ರಿಕನ್‌ಬ್ಯಾಕರ್ ಕಂಪನಿಯಿಂದ ಕರೆಂಟಿನ ಗಿಟಾರ್ ಹೊರಗೆ ತಂದರು. ಅವರಿಗೆ ಪೇಟೆಂಟ್ ಸಿಕ್ಕಿದ್ದೂ 1937ರಲ್ಲೇ. ಇಲ್ಲಿ ಬಾವಿಗೆ ಕರೆಂಟ್ ಬಂದ ಕಾಲದಲ್ಲೇ ಅಲ್ಲಿ ತಂತಿಗೂ ಕರೆಂಟ್ ಬಂತು.

ಆ ಸುರುಳಿಗೆ ಪಿಕಪ್ ಅಂತಾರೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ವೈಂಡಿಂಗ್‌ಗೆ ಕೊಟ್ಟ ರೈತನಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಅದೂ ಎನಾಮಲ್ ಬಳಿದ ತಾಮ್ರದ ತಂತಿಯೇ, ಆದರೆ ಕೂದಲಿಗಿಂತ ಸಣ್ಣ, ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಿದರೆ ಅಯಸ್ಕಾಂತದ ಬಲ ಅಲುಗುತ್ತೆ, ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತೆ. ಅದನ್ನು ದೊಡ್ಡದು ಮಾಡಿದರೆ ಸದ್ದು. ನೈಲಾನ್ ತಂತಿ ಹಾಕಿದರೆ ಈ ಪಿಕಪ್‌ಗೆ ಕೇಳಿಸೋದಿಲ್ಲ. ಅದಕ್ಕೆ ಕಬ್ಬಿಣದ ಜಾತಿಯೇ ಬೇಕು.

ಬೇಸ್ ಅಂದರೆ ಮಂದ್ರ. ಮೊದಲು ಅದಕ್ಕೆ ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್ ಇತ್ತು, ಹೊತ್ತು ತಿರುಗೋದೇ ಕಷ್ಟ. ಲಿಯೋ ಫೆಂಡರ್ ಅನ್ನುವ ರೇಡಿಯೋ ರಿಪೇರಿಯವರು 1951ರಲ್ಲಿ ಕೊರಳಿಗೆ ನೇತುಹಾಕಿಕೊಳ್ಳುವ ಬೇಸ್ ಮಾರಾಟಕ್ಕಿಟ್ಟರು. ಹೆಸರು ಪ್ರಿಸಿಷನ್. ಕತ್ತಿನ ಮೇಲೆ ಮನೆ ಕಟ್ಟಿದ್ದರಿಂದ ಸ್ವರ ಕರಾರುವಾಕ್ಕಾಗಿ ಸಿಗುತ್ತೆ ಅಂತ ಆ ಹೆಸರು. ಆತನಿಗೆ ಗಿಟಾರ್ ಬಾರಿಸೋಕೇ ಬರುತ್ತಿರಲಿಲ್ಲವಂತೆ! 1960ರಲ್ಲಿ ಅವರದ್ದೇ ಜಾಝ್ ಬೇಸ್ ಬಂತು. ಇವತ್ತು ಪೇಟೆಯಲ್ಲಿ ಸಿಗೋ ಬೇಸ್‌ಗಳಲ್ಲಿ ಬಹಳಷ್ಟು ಈ ಎರಡರ ಮಕ್ಕಳು ಮೊಮ್ಮಕ್ಕಳೇ.

ನಮ್ಮ ಕಿವಿಗೆ ಇದು ಬಿದ್ದಿದ್ದು ಸಿನಿಮಾದಿಂದ. 1972ರಲ್ಲಿ ‘ಬಂಗಾರದ ಮನುಷ್ಯ’ ಬಂದಾಗ ನಾನು ತಾಳವಾಡಿ ಕಡೆಯೇ ಇದ್ದೆ. ಆ ಸೀಮೆ ಆಗ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ರಾಜಣ್ಣನ ಗಾಜನೂರು ಅಲ್ಲೇ. ಆ ಚಿತ್ರದ ಸಂಗೀತ ಜಿ.ಕೆ. ವೆಂಕಟೇಶ್ ಅವರದ್ದು. ಅವರ ಹತ್ತಿರ ಸಹಾಯಕರಾಗಿ, ಗಿಟಾರ್ ನುಡಿಸಿಕೊಂಡು ಪಳಗಿದವರು ಇಳೆಯರಾಜ. 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಅವರ ಕಾಲ ಶುರುವಾಯ್ತು. ಬೇಸ್ ಬರೀ ತಾಳಕ್ಕೆ ಗುದ್ದೋದಲ್ಲ, ಅದೂ ಒಂದು ಹಾಡು ಹೇಳುತ್ತೆ ಅಂತ ನಮ್ಮ ಊರೂರ ಟೀ ಅಂಗಡಿಗೆ ಕಲಿಸಿದವರು ಅವರೇ.

ಇನ್ನು ನಮ್ಮೂರ ಕಥೆ. ಹುಡುಗರು ಚಂದಾ ಎತ್ತಿ, ಫೋನಿನಲ್ಲಿ ಚಿತ್ರ ನೋಡಿ ಮೊದಲ ಬೇಸ್ ಕೊಂಡರು. ಹೊಳಪು ಚೆನ್ನಾಗಿತ್ತು. ಶಿವರಾತ್ರಿ ದಿನ ಸೀರಿಯಲ್ ಲೈಟ್ ಹಾಕಿದ ಕೂಡಲೇ ಜೇನುಹುಳದ ಥರ ಗುಂಯ್ ಅನ್ನೋಕೆ ಶುರುವಾಯ್ತು. ಅದರದ್ದು ಒಂಟಿ ಸುರುಳಿ. ಟ್ಯೂಬ್‌ಲೈಟ್, ಮೋಟಾರ್, ಸುತ್ತಲ ಕರೆಂಟಿನ ಗುಂಗನ್ನೆಲ್ಲ ಅದು ಹಿಡಿಯುತ್ತೆ. ಎರಡನೇ ಹಾಡಿಗೆ ಪೂರ್ತಿ ಸತ್ತೇಹೋಯ್ತು. ಅದು ಆಕ್ಟಿವ್ ಜಾತಿ, ಹೊಟ್ಟೆಯಲ್ಲಿ 9 ವೋಲ್ಟಿನ ಬ್ಯಾಟರಿ ಇರುತ್ತೆ. ಹಿಂದಿನ ರಾತ್ರಿ ವೈರ್ ಕೀಳದೆ ಮಲಗಿದ್ದರು. ವೈರ್ ಚುಚ್ಚಿದ್ದರೆ ಬಾರಿಸದಿದ್ದರೂ ಬ್ಯಾಟರಿ ಕರಗುತ್ತೆ.

ಜನ ಎದ್ದು ಹೊರಟರು. ನಾನು ತಂಬೂರಿ ತಗೊಂಡು ಹತ್ತಿ ಹಾಡಿದೆ. ಕೂತವರೆಲ್ಲ ನನ್ನ ವಯಸ್ಸಿನವರೇ. ನಿಜ ಹೇಳ್ತೀನಿ, ಒಳಗೊಳಗೇ ಖುಷಿಯಾಯ್ತು: ‘ನೋಡ್ರೋ, ನಂದಕ್ಕೆ ಕರೆಂಟ್ ಬೇಡ.’ ಆದರೆ ಕಣ್ಣೆತ್ತಿ ನೋಡಿದರೆ ಹುಡುಗರು ಒಬ್ಬರೂ ಇಲ್ಲ. ನನ್ನ ಮೊಮ್ಮಗನೂ ಇಲ್ಲ. ಮನೇಲಿ ಕನ್ನಡ ಆಡ್ತಾನೆ, ಓದೋದು ತಮಿಳು, ನನ್ನ ಪದಗಳು ಅವನಿಗೆ ಅರ್ಧ ತಿಳಿಯೋದಿಲ್ಲ. ನನ್ನ ತಂಬೂರಿ ಗೆದ್ದಿತ್ತು, ಕೇಳೋರು ಸೋರಿಹೋಗಿದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ನಾನೇ ಹುಡುಗರನ್ನು ಕರೆದೆ. ಹಳೆಯದನ್ನು ಮಾರಿ ಕೊಯಮತ್ತೂರಿಗೆ ಬಸ್ ಹತ್ತಿದೆವು. ಅಲ್ಲಿ ಕಲಿತದ್ದನ್ನು ಕೊಳ್ಳುವವರಿಗೆ ಹೇಳ್ತೀನಿ. ಒಂದು, ನೇಗಿಲ ಈಚು ನೋಡುವ ಹಾಗೆ ತುದಿಯಿಂದ ಕತ್ತನ್ನು ನೋಡಿ, ತಿರುಚಿರಬಾರದು. ಎರಡು, ಹನ್ನೆರಡನೇ ಮನೆಯ ಮೇಲೆ ತಂತಿಯನ್ನು ಬರೀ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಬರಬೇಕು. ಮೂರು, ಪಿಕಪ್. ಪ್ರಿಸಿಷನ್ ಜಾತಿಗೆ 1957ರಿಂದ ಎರಡು ತುಂಡು ಸುರುಳಿ, ಒಂದಕ್ಕೊಂದು ಎದುರುಬದುರು. ಹೊರಗಿನ ಗುಂಗು ಒಂದರಲ್ಲಿ ಏರಿದರೆ ಇನ್ನೊಂದರಲ್ಲಿ ಇಳಿದು ವಜಾ ಆಗುತ್ತೆ. ಜಾಝ್ ಜಾತಿಗೆ ಎರಡು ಒಂಟಿ ಪಿಕಪ್. ಬಣ್ಣ ಹೆಚ್ಚು, ಕತ್ತು ಸಪೂರ, ಸಣ್ಣ ಕೈಗೆ ಸಲೀಸು. ಆದರೆ ಒಂದನ್ನೇ ಇಟ್ಟರೆ ಗುಂಗು ಬರುತ್ತೆ. ಸೀರಿಯಲ್ ಲೈಟಿನ ಜಾತ್ರೆಗೆ ನಾವು ಮೊದಲನೆಯದನ್ನೇ ಆರಿಸಿದೆವು, ಬ್ಯಾಟರಿ ಇಲ್ಲದ್ದು.

ನಾಲ್ಕು, ತಂತಿ. ಒಂದು ಸ್ಥಾಯಿ ಕೆಳಗಿಳಿಯಲು ಅದೇ ಬಿಗುವಿನಲ್ಲಿ ತಂತಿಯ ಉದ್ದ ಎರಡರಷ್ಟಾಗಬೇಕು, ಇಲ್ಲಾಂದ್ರೆ ತೂಕ ನಾಲ್ಕರಷ್ಟು. ಬೇಸ್ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತೆ. ಮೀಟುವ ಉದ್ದ ಸಾಮಾನ್ಯವಾಗಿ 34 ಇಂಚು. ತಂತಿ 1.1 ಮಿಲಿಮೀಟರಿನಿಂದ 2.7ರ ತನಕ ದಪ್ಪ, ಉಕ್ಕಿನ ಎಳೆಯ ಮೇಲೆ ಇನ್ನೊಂದು ಎಳೆ ಸುತ್ತಿರುತ್ತೆ. ಸುತ್ತಿದ ಎಳೆ ದುಂಡಗಿದ್ದರೆ ಝಣ್ ಅನ್ನುತ್ತೆ, ಬೆರಳು ಜಾರಿದರೆ ಕಿರ್ ಅನ್ನುತ್ತೆ. ಪಟ್ಟಿಯಾಗಿದ್ದರೆ ಮೆತ್ತಗೆ, ಡಕ್ಕೆಯ ಹಾಗೆ ಗುಮ್ ಅನ್ನುತ್ತೆ. ಪಟ್ಟಿ ತಂತಿಗೆ ದುಡ್ಡು ಹೆಚ್ಚು, ಬಾಳಿಕೆಯೂ ಹೆಚ್ಚು. ಪದದ ಮಾತು ಕೇಳಬೇಕಲ್ಲ, ಅದಕ್ಕೆ ಪಟ್ಟಿಯದ್ದೇ ಹಾಕಿಸಿದೆವು.

ಮನೆಗೆ ಬಂದು ಒಂದು ಕರಾರು ಹಾಕಿದೆ. ನನ್ನ ಶ್ರುತಿ ಹಾರ್ಮೋನಿಯಂನ ಮೊದಲ ಕರಿಮನೆ. ಬೇಸ್‌ನಲ್ಲಿ ಅದು ಎ ತಂತಿಯ ನಾಲ್ಕನೇ ಮನೆ. ‘ನಾನು ಪದ ಹಾಡುವಷ್ಟು ಹೊತ್ತು ಅದೊಂದನ್ನೇ ಹಿಡಿ, ಓಡಬೇಡ’ ಅಂದೆ. ಮೊಮ್ಮಗ ಮೊದಲ ದಿನ ನಾಲ್ಕು ನಿಮಿಷಕ್ಕೆ ಬೇಸತ್ತ. ಒಂದೇ ಸ್ವರ ಹಿಡಿದು ಕೂರೋದು ಎಷ್ಟು ಕಷ್ಟ ಅಂತ ತಂಬೂರಿ ಹಿಡಿದವನಿಗೆ ಗೊತ್ತು. ವಾರ ಕಳೆಯೋ ಹೊತ್ತಿಗೆ ಅವನ ಕೈ ನಿಂತಿತು, ಕಿವಿ ಪದದ ಕಡೆ ತಿರುಗಿತು. ಒಂದು ಸಂಜೆ ನಡುವೆ ಬೆರಳು ನಿಲ್ಲಿಸಿ, ‘ತಾತ, ಸಂಕಮ್ಮನ್ನ ಗಂಡ ಯಾಕೆ ಅಷ್ಟು ಕಾಡಿದ?’ ಅಂದ. ಅವತ್ತು ಅಭ್ಯಾಸ ಅಲ್ಲಿಗೇ ನಿಂತಿತು. ಊಟದ ಹೊತ್ತಿನ ತನಕ ಕಥೆ ಹೇಳಿದೆ.

ತಂಬೂರಿ ಗೋಡೆ ಮೇಲೆ ಹೋಗಿಲ್ಲ. ಎರಡೂ ಒಟ್ಟಿಗೆ ಕೂರುತ್ತವೆ. ಬರುವ ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಹೊರಡುವ ಮುಂಚೆ ಓದುವ ಮನೆಯ ಮುಂದೆ ಹಾಡ್ತೀವಿ, ಬಂದು ಕೇಳಿ. ಇದರಲ್ಲಿ ತಪ್ಪಿದ್ದರೆ ಮೇಷ್ಟ್ರುಗಳು ತಿದ್ದಬೇಕು.